ಶುಶ್ರೂಷೆ ಫಲ ಕೊಟ್ಟಿತೇ? ಪ್ರಮಾಣಿತ ಪದಾವಳಿಯಿಂದ ಅಳೆಯುವ ಬಗೆ: ನ್ಯಾಂಡಾ, ಎನ್‌ಐಸಿ, ಎನ್‌ಒಸಿ, ಒಮಾಹಾ

(ಇದು ಹಲವರು ಬರೆದ ಪ್ರಶ್ನೋತ್ತರ ಚರ್ಚೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿರುವುದು ಬರೆದವರ ಅಡ್ಡಹೆಸರು.)

1. ಹಗಲುಪಾಳಿ

30 ಹಾಸಿಗೆಯ ಮೆಡಿಸಿನ್ ವಾರ್ಡ್ ಒಂದನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳುತ್ತಿದ್ದೇನೆ. ನಿಮೋನಿಯಾ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಹೃದಯ ವೈಫಲ್ಯದವರೇ ಹೆಚ್ಚು. ನರ್ಸಿಂಗ್ ನೋಟ್ಸ್ ತೆಗೆದರೆ ಮೂರು ಪಾಳಿಯಲ್ಲೂ ಒಂದೇ ಸಾಲು: ‘ಜಿಸಿ ಫೇರ್, ವೈಟಲ್ಸ್ ಸ್ಟೇಬಲ್, ಆರ್ಡರ್ಸ್ ಕ್ಯಾರಿಡ್ ಔಟ್, ನೋ ಫ್ರೆಶ್ ಕಂಪ್ಲೇಂಟ್ಸ್.’ ಅಂದರೆ ಸಾಮಾನ್ಯ ಸ್ಥಿತಿ ಪರವಾಗಿಲ್ಲ, ನಾಡಿ-ಉಸಿರು-ಬಿಪಿ ಸ್ಥಿರ, ವೈದ್ಯರು ಹೇಳಿದ್ದು ಮಾಡಿದೆ, ಹೊಸ ದೂರಿಲ್ಲ. ಈ ಸಾಲನ್ನು ಓದಿ ರೋಗಿಗೆ ಯಾವ ತೊಂದರೆ ಇತ್ತು, ನರ್ಸ್ ಏನು ಮಾಡಿದರು, ಅದರಿಂದ ಏನು ಬದಲಾಯಿತು ಎಂದು ಯಾರೂ ಹೇಳಲಾರರು. ಗುಣಮಟ್ಟದ ತಪಾಸಣೆಗೆ ಬಂದವರು ಎಷ್ಟು ಜನ ಬಿದ್ದರು, ಎಷ್ಟು ಬೆಡ್‌ಸೋರ್ (ಮಲಗಿದಲ್ಲೇ ಒತ್ತಡದಿಂದಾಗುವ ಹುಣ್ಣು) ಆಯಿತು ಎಂದು ಕೇಳುತ್ತಾರೆ. ಕೆಟ್ಟದ್ದಾದಾಗ ಮಾತ್ರ ಶುಶ್ರೂಷೆ ಲೆಕ್ಕಕ್ಕೆ ಬರುತ್ತದೆ.

ಪ್ರಮಾಣಿತ ಪದಾವಳಿ (ಎಲ್ಲರೂ ಒಂದೇ ಅರ್ಥದಲ್ಲಿ ಬಳಸುವ ಹೆಸರು, ಸಂಕೇತಗಳ ಪಟ್ಟಿ) ಬಳಸಿ ಮೂರು ತಿಂಗಳು ಅಳೆಯಬೇಕೆಂದರೆ ಯಾವುದನ್ನು ಆರಿಸಬೇಕು? ಅಂಕ ಯಾವಾಗ ಕೊಡಬೇಕು, ಕೊನೆಗೆ ಲೆಕ್ಕ ಹೇಗೆ ಹಾಕಬೇಕು? ದಾಖಲೆ ಕಾಗದದ ಮೇಲೆ. ರಾತ್ರಿ ಪಾಳಿಯಲ್ಲಿ ಇಬ್ಬರೇ ಇರುತ್ತಾರೆ ಎಂಬುದನ್ನೂ ಗಮನದಲ್ಲಿಡಿ.

2. ಧಾರವಾಡದ ಬೋಧಕಿ

ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ತೊಂದರೆ ಏನು, ನಾವು ಮಾಡಿದ್ದೇನು, ಆದದ್ದೇನು. ಮೂರಕ್ಕೂ ಮೂರು ಪದಾವಳಿಗಳಿವೆ. ತೊಂದರೆಗೆ ನ್ಯಾಂಡಾ (ಉತ್ತರ ಅಮೆರಿಕದ ಶುಶ್ರೂಷಾ ನಿದಾನ ಸಂಘದ ಪಟ್ಟಿ). 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುಶ್ರೂಷಾ ನಿದಾನಗಳ (ನರ್ಸಿಂಗ್ ಡಯಾಗ್ನೋಸಿಸ್, ಅಂದರೆ ನರ್ಸ್ ಗುರುತಿಸುವ ತೊಂದರೆ) ವರ್ಗೀಕರಣಕ್ಕೆಂದು ನಡೆದ ಮೊದಲ ಸಮ್ಮೇಳನದಿಂದ ಬೆಳೆದದ್ದು ಇದು. 2021–23ರ ಆವೃತ್ತಿಯಲ್ಲಿ 267 ನಿದಾನಗಳಿದ್ದವು. ಮಾಡುವ ಕೆಲಸಕ್ಕೆ ಎನ್‌ಐಸಿ, ಫಲಿತಾಂಶಕ್ಕೆ ಎನ್‌ಒಸಿ. ಇವೆರಡೂ (ನರ್ಸಿಂಗ್ ಇಂಟರ್ವೆನ್ಷನ್ಸ್ ಕ್ಲಾಸಿಫಿಕೇಷನ್, ನರ್ಸಿಂಗ್ ಔಟ್‌ಕಮ್ಸ್ ಕ್ಲಾಸಿಫಿಕೇಷನ್) ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವು. ಎನ್‌ಐಸಿಯ ಮೊದಲ ಆವೃತ್ತಿ 1992ರಲ್ಲಿ, ಎನ್‌ಒಸಿಯದು 1997ರಲ್ಲಿ ಬಂತು. 2018ರ ಆವೃತ್ತಿಗಳಲ್ಲಿ 565 ಶುಶ್ರೂಷಾ ಕ್ರಮಗಳು, 540 ಫಲಿತಾಂಶಗಳು ಇದ್ದವು. ಸರ್ಕಾರಿ ಆಸ್ಪತ್ರೆಯವರ ಜೊತೆ ಮಾತಾಡುವಾಗ ಎನ್‌ಐಸಿ ಎಂದರೆ ಅವರಿಗೆ ಇ-ಹಾಸ್ಪಿಟಲ್ ತಂತ್ರಾಂಶದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರೇ ನೆನಪಾಗುತ್ತದೆ. ಸಭೆಯ ಮೊದಲಿಗೇ ಯಾವ ಎನ್‌ಐಸಿ ಎಂದು ಬಿಡಿಸಿ ಹೇಳಿಬಿಡಿ.

ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಎನ್‌ಒಸಿ, ಏಕೆಂದರೆ ಅಳತೆ ಇರುವುದು ಅಲ್ಲಿ. ಪ್ರತಿ ಫಲಿತಾಂಶಕ್ಕೂ ಒಂದು ಹೆಸರು, ಒಂದು ವ್ಯಾಖ್ಯೆ, ಹಲವು ಸೂಚಕಗಳು, 1ರಿಂದ 5ರ ಅಳತೆಪಟ್ಟಿ. ಯಾವ ಫಲಿತಾಂಶವೇ ಆಗಲಿ, 5 ಎಂದರೆ ಅತ್ಯುತ್ತಮ ಸ್ಥಿತಿ. ತಪ್ಪು ಹೆಚ್ಚು ಆಗುವುದೂ ಇಲ್ಲೇ. ನೋವಿನ ಮಟ್ಟ, ಸಂಕೇತ 2102, ಇದರಲ್ಲಿ 1 ಎಂದರೆ ತೀವ್ರ ನೋವು, 5 ಎಂದರೆ ನೋವೇ ಇಲ್ಲ. ಆದರೆ ವಾರ್ಡಿನಲ್ಲಿ ಎಲ್ಲರಿಗೂ ರೂಢಿಯಾಗಿರುವುದು 0ಯಿಂದ 10ರ ನೋವಿನ ಪಟ್ಟಿ. ಅಲ್ಲಿ ಅಂಕ ಏರಿದರೆ ನೋವು ಏರಿದಂತೆ. ಒಂದೇ ಹಾಳೆಯಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿದರೆ ಅರ್ಧ ಜನ ತಿರುವುಮುರುವು ಬರೆಯುತ್ತಾರೆ. ಎನ್‌ಒಸಿ ಅಂಕದ ಚೌಕದ ತಲೆಯ ಮೇಲೆ ‘5 = ನೋವಿಲ್ಲ’ ಎಂದು ದಪ್ಪಕ್ಷರದಲ್ಲಿ ಇರಲಿ.

ಉದಾಹರಣೆಗೆ ನಿಮೋನಿಯಾ ರೋಗಿಯನ್ನು ತೆಗೆದುಕೊಳ್ಳೋಣ. ನಿದಾನ: ಶ್ವಾಸನಾಳ ಶುಚಿಯಾಗದಿರುವುದು, 00031. ಕ್ರಮ: ಕೆಮ್ಮಿಸುವುದು, ಭಂಗಿ ಬದಲಿಸುವುದು, ಬೇಕಾದರೆ ಸಕ್ಷನ್ (ನಳಿಕೆಯಿಂದ ಕಫ ಹೀರಿ ತೆಗೆಯುವುದು). ಫಲಿತಾಂಶ: ಶ್ವಾಸಮಾರ್ಗ ತೆರವಾಗಿರುವುದು, 0410. ಸೂಚಕಗಳಲ್ಲಿ ಉಸಿರಾಟದ ವೇಗ, ಕಫ ಹೊರಹಾಕುವ ಶಕ್ತಿ, ಅಸಹಜ ಉಸಿರ ಸದ್ದು ಮೊದಲಾದವು ಬರುತ್ತವೆ. ಎಲ್ಲ ಸೂಚಕಗಳನ್ನೂ ತೆಗೆದುಕೊಳ್ಳಬೇಕಿಲ್ಲ. ಮೂರು ಆರಿಸಿ, ಮೂರು ತಿಂಗಳೂ ಅವೇ ಮೂರು ಇರಲಿ.

3. ಅಂಕಿನೋಟ

ಮೇಲಿನದಕ್ಕೆ ಒಂದು ಮಾತು ಸೇರಿಸಲೇಬೇಕು. ಎನ್‌ಒಸಿ ಪುಸ್ತಕದಲ್ಲಿ ‘ತೀವ್ರ, ಗಣನೀಯ, ಮಧ್ಯಮ, ಅಲ್ಪ, ಇಲ್ಲ’ ಎಂಬಂಥ ಐದು ಮೆಟ್ಟಿಲುಗಳಿವೆ. ಗಣನೀಯ ಎಂದರೆ ಎಷ್ಟು, ಮಧ್ಯಮ ಎಂದರೆ ಎಷ್ಟು ಎಂದು ಪ್ರತಿ ಸೂಚಕಕ್ಕೂ ಅಲ್ಲಿ ಬಿಡಿಸಿ ಬರೆದಿಲ್ಲ. ಅದನ್ನು ನೀವೇ ಬರೆದುಕೊಳ್ಳದೆ ಹೋದರೆ ಬೆಳಗಿನ ನರ್ಸ್ 2 ಹಾಕುತ್ತಾರೆ, ಮಧ್ಯಾಹ್ನದವರು 3 ಹಾಕುತ್ತಾರೆ, ರೋಗಿ ಸುಧಾರಿಸಿದಂತೆ ಕಾಣುತ್ತದೆ. ಬದಲಾದದ್ದು ರೋಗಿಯ ಸ್ಥಿತಿಯಲ್ಲ, ಬರೆದ ಕೈ. ಇದೇ ಕೆಲಸಕ್ಕೆ ಬ್ರೆಜಿಲ್‌ನ ಶುಶ್ರೂಷಾ ಸಂಶೋಧಕರು ಬಹಳ ಶ್ರಮ ಹಾಕಿದ್ದಾರೆ. ಸೂಚಕ ಸೂಚಕಕ್ಕೂ ಕಾರ್ಯರೂಪದ ವ್ಯಾಖ್ಯೆ ಬರೆದು ಪರೀಕ್ಷಿಸಿದ್ದಾರೆ.

ಕಫ ಹೊರಹಾಕುವ ಶಕ್ತಿಗೆ ಒಂದು ಮಾದರಿ ಹೀಗಿರಬಹುದು. ಕೆಮ್ಮಲಾರರು, ಸಕ್ಷನ್ ಇಲ್ಲದೆ ಕಫ ಬರದು: 1. ಕೆಮ್ಮು ದುರ್ಬಲ, 8 ಗಂಟೆಯಲ್ಲಿ 4 ಅಥವಾ ಹೆಚ್ಚು ಸಲ ಸಕ್ಷನ್ ಬೇಕು: 2. ಬೆನ್ನು ತಟ್ಟಿ, ಕೂರಿಸಿ, ಹಿಡಿದುಕೊಂಡರೆ ಕಫ ಬರುತ್ತದೆ: 3. ನೆನಪಿಸಿದರೆ ಸಾಕು, ತಾವೇ ಉಗಿಯುತ್ತಾರೆ: 4. ನೆನಪಿಸುವುದೂ ಬೇಡ: 5. ಸಕ್ಷನ್ 1ರಿಂದ 3 ಸಲ ಬೇಕಾದವರು ಎಲ್ಲಿಗೆ ಸೇರುತ್ತಾರೆ? ಮೇಲಿನ ಮಾದರಿಯಲ್ಲಿ ಅವರಿಗೆ ಜಾಗವೇ ಇಲ್ಲ. ಇಂಥ ಸಂದುಗಳು ಕಾಗದದ ಮೇಲೆ ಕಾಣುವುದಿಲ್ಲ, ಹತ್ತು ರೋಗಿಗಳ ಮೇಲೆ ಹಾಕಿ ನೋಡಿದಾಗ ಸಿಗುತ್ತವೆ. ಅವರನ್ನು 3ಕ್ಕೆ ಸೇರಿಸುತ್ತೇವೆ ಎಂದು ಬರೆದಿಟ್ಟರೆ ಮುಗಿಯಿತು, ಆದರೆ ಬರೆದಿಡಬೇಕು.

ಉಸಿರಾಟದ ವೇಗಕ್ಕೆ ಸಂಖ್ಯೆಯೇ ಇರುವುದರಿಂದ ಸುಲಭ ಅನ್ನಿಸುತ್ತದೆ: ವಯಸ್ಕರಲ್ಲಿ 12–20 ಇದ್ದರೆ 5, 21–24ಕ್ಕೆ 4, 25–29ಕ್ಕೆ 3, 30–34ಕ್ಕೆ 2, 35 ಮತ್ತು ಮೇಲೆ 1. 12ಕ್ಕಿಂತ ಕೆಳಗಿನದಕ್ಕೂ ಹೀಗೆಯೇ ಗಡಿ ಹಾಕಿಕೊಳ್ಳಿ. ಈ ಗಡಿಗಳು ಮಾದರಿ ಮಾತ್ರ. ವಾರ್ಡಿನ ವೈದ್ಯರ ಜೊತೆ ಕೂತು ನಿಗದಿ ಮಾಡಿ. ಅದಕ್ಕೂ ಮೊದಲು ಟಿಪಿಆರ್ ಚಾರ್ಟು (ಜ್ವರ, ನಾಡಿ, ಉಸಿರು ಬರೆಯುವ ಹಾಳೆ) ತೆಗೆದು ನೋಡಿ. ಎಲ್ಲ ರೋಗಿಗಳ ಉಸಿರೂ 20 ಅಥವಾ 22 ಎಂದಿದ್ದರೆ ಯಾರೂ ಎಣಿಸುತ್ತಿಲ್ಲ ಎಂದರ್ಥ. ಪೂರಾ 60 ಸೆಕೆಂಡ್ ಎಣಿಸದ ಸಂಖ್ಯೆಯ ಮೇಲೆ ಯಾವ ಪದಾವಳಿ ಹೊದಿಸಿದರೂ ಪ್ರಯೋಜನವಿಲ್ಲ.

4. ಹಳ್ಳಿಹಾದಿ

ವಾರ್ಡಿಗೆ ಎನ್‌ಒಸಿ ಸರಿ. ಮನೆಭೇಟಿ, ಸಾಂಕ್ರಾಮಿಕವಲ್ಲದ ಕಾಯಿಲೆಗಳ ಕ್ಲಿನಿಕ್, ಪ್ಯಾಲಿಯೇಟಿವ್ ಕೇರ್ ಇವುಗಳಿಗೆ ಒಮಾಹಾ ವ್ಯವಸ್ಥೆ ಚೆನ್ನಾಗಿ ಒಗ್ಗುತ್ತದೆ. ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ಮನೆಮನೆಗೆ ಹೋಗುವ ನರ್ಸ್‌ಗಳ ಸಂಘ 1970ರ ದಶಕದಲ್ಲಿ ಕಟ್ಟಲು ಶುರುಮಾಡಿದ್ದು. 42 ತೊಂದರೆಗಳು, ನಾಲ್ಕು ವಲಯ: ಪರಿಸರ, ಮನಸ್ಸು ಮತ್ತು ಸಮಾಜ, ದೇಹ, ಆರೋಗ್ಯದ ನಡವಳಿಕೆ. ಕೃತಿಸ್ವಾಮ್ಯದ ಕಟ್ಟಿಲ್ಲ, ಹಣ ಕೊಡಬೇಕಿಲ್ಲ.

ಇದರ ಬಲ ಇರುವುದು ಫಲಿತಾಂಶವನ್ನು ಮೂರಾಗಿ ಒಡೆಯುವುದರಲ್ಲಿ. ತಿಳಿವಳಿಕೆ, ನಡವಳಿಕೆ, ಸ್ಥಿತಿ. ಪ್ರತಿಯೊಂದಕ್ಕೂ 1ರಿಂದ 5. ತಿಳಿವಳಿಕೆಯಲ್ಲಿ 1 ಎಂದರೆ ಏನೂ ತಿಳಿಯದು, 5 ಎಂದರೆ ಬಹಳ ಚೆನ್ನಾಗಿ ತಿಳಿದಿದೆ. ನಡವಳಿಕೆಯಲ್ಲಿ 3 ಎಂದರೆ ಒಮ್ಮೆ ಸರಿ ಒಮ್ಮೆ ತಪ್ಪು. ಸ್ಥಿತಿಯಲ್ಲಿ 5 ಎಂದರೆ ಲಕ್ಷಣಗಳೇ ಇಲ್ಲ.

ಸಕ್ಕರೆ ಕಾಯಿಲೆಯ ರೋಗಿಗೆ ಔಷಧದ ವಿಷಯದಲ್ಲಿ ಮೊದಲ ಭೇಟಿಯಲ್ಲಿ ತಿಳಿವಳಿಕೆ 2, ನಡವಳಿಕೆ 2, ಸ್ಥಿತಿ 2 ಇತ್ತೆನ್ನಿ. ಆರು ವಾರದ ಮೇಲೆ 4, 2, 2. ಪಾಠ ತಲುಪಿದೆ, ನಡವಳಿಕೆ ಬದಲಾಗಿಲ್ಲ. ಹಾಗಿದ್ದರೆ ಇನ್ನೊಮ್ಮೆ ಪಾಠ ಹೇಳುವುದರಿಂದ ಏನೂ ಆಗದು. ಮಾತ್ರೆ ತರಲು ದುಡ್ಡಿದೆಯೇ, ದೂರವೇ, ಮನೆಯಲ್ಲಿ ಕೊಡುವವರು ಯಾರು ಎಂದು ನೋಡಬೇಕು. ಒಮಾಹಾ ಭಾಷೆಯಲ್ಲಿ ಕ್ರಮ ‘ಬೋಧನೆ’ಯಿಂದ ‘ಪ್ರಕರಣ ನಿರ್ವಹಣೆ’ಗೆ ಹೋಗಬೇಕು. ಮೂರನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ 2ರಿಂದ 2.7ಕ್ಕೆ ಏರಿಕೆ ಎಂದು ಬರುತ್ತಿತ್ತು, ಎಲ್ಲರಿಗೂ ಸಮಾಧಾನ, ರೋಗಿಗೆ ಲಾಭವಿಲ್ಲ. ಅದಕ್ಕೇ ಮೂರನ್ನೂ ಎಂದೂ ಕೂಡಿಸಬೇಡಿ.

5. ಹಗಲುಪಾಳಿ

ಮೂವರಿಗೂ ಧನ್ಯವಾದ. ಬೆಡ್‌ಸೋರ್‌ಗೆ ಬ್ರೇಡನ್ ಅಂಕ ಹೇಗೂ ಹಾಕುತ್ತಾರಲ್ಲ. ಅದನ್ನೇ ಫಲಿತಾಂಶವಾಗಿ ಹಿಡಿದರೆ ಸಾಲದೆ?

6. ಮಾಯುವ ಗಾಯ

ಸಾಲದು. ಬ್ರೇಡನ್ ಅಪಾಯದ ಅಳತೆ, ಶುಶ್ರೂಷೆಯ ಫಲದ ಅಳತೆಯಲ್ಲ. ಆರು ಭಾಗಗಳಿವೆ: ಸ್ಪರ್ಶದ ಅರಿವು, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜುವಿಕೆ ಮತ್ತು ಜಾರುವಿಕೆ. ಮೊದಲ ಐದಕ್ಕೆ 1ರಿಂದ 4, ಕೊನೆಯದಕ್ಕೆ 1ರಿಂದ 3. ಒಟ್ಟು 6ರಿಂದ 23. 18 ಅಥವಾ ಕೆಳಗಿದ್ದರೆ ಅಪಾಯ. ಎರಡೂ ಕೈಕಾಲು ಸ್ವಾಧೀನವಿಲ್ಲದ ರೋಗಿಗೆ ನೀವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಬ್ರೇಡನ್ 11ರಲ್ಲೇ ನಿಂತಿರಬಹುದು, ಚರ್ಮ ಮಾತ್ರ ಒಂದು ಕಲೆಯೂ ಇಲ್ಲದೆ ಉಳಿದಿರಬಹುದು. ಆ ಚರ್ಮವೇ ನಿಮ್ಮ ಫಲಿತಾಂಶ. ಎನ್‌ಒಸಿಯಲ್ಲಿ ಅದು 1101, ಚರ್ಮ ಮತ್ತು ಲೋಳೆಪದರದ ಅಖಂಡತೆ. ಕ್ರಮ ಎನ್‌ಐಸಿಯ 3540, ಒತ್ತುಹುಣ್ಣು ತಡೆ. ಹುಣ್ಣು ಆಗಲೇ ಆಗಿದ್ದರೆ 3520. ಬ್ರೇಡನ್ ಬೇಕಾಗುವುದು ಹೋಲಿಕೆಗೆ: 12ಕ್ಕಿಂತ ಕೆಳಗಿನವರನ್ನು 17ರವರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ವಿಷಯದಲ್ಲಿ ತಪ್ಪುಗಳು ಬಹಳ. ಒಂದೊಂದಾಗಿ ಹೇಳುತ್ತೇನೆ.

ದಾಖಲಾದ 24 ಗಂಟೆಯೊಳಗೆ ಬೆನ್ನು, ಸೊಂಟದ ಮೂಳೆ, ಹಿಮ್ಮಡಿ, ಕಿವಿಯ ಹಿಂಭಾಗ, ಮೂಗಿನ ನಳಿಕೆ ಒತ್ತುವ ಜಾಗ ಎಲ್ಲವನ್ನೂ ತಿರುಗಿಸಿ ನೋಡಿ ಬರೆಯಬೇಕು. ಬರುವಾಗಲೇ ಇದ್ದ ಹುಣ್ಣನ್ನು ಮೂರನೇ ದಿನ ನೋಡಿದರೆ ಅದು ವಾರ್ಡಿನ ಲೆಕ್ಕಕ್ಕೆ ಬೀಳುತ್ತದೆ. ಅಷ್ಟೇ ಅಲ್ಲ, ಮೂರು ದಿನ ಚಿಕಿತ್ಸೆಯೂ ತಪ್ಪುತ್ತದೆ.

ಒಂದನೇ ಹಂತದ (ಚರ್ಮ ಇನ್ನೂ ಒಡೆಯದ) ಹುಣ್ಣನ್ನು ಪುಸ್ತಕಗಳು ‘ಒತ್ತಿದರೂ ಬಿಳಿಚದ ಕೆಂಪು’ ಎನ್ನುತ್ತವೆ. ನಮ್ಮ ರೋಗಿಗಳ ಕಪ್ಪು, ಎಣ್ಣೆಗೆಂಪು ಮೈಬಣ್ಣದ ಮೇಲೆ ಆ ಕೆಂಪು ಕಾಣುವುದೇ ಕಷ್ಟ. ಅಕ್ಕಪಕ್ಕದ ಚರ್ಮಕ್ಕಿಂತ ಅಲ್ಲಿ ಬಿಸಿಯೇ, ತಣ್ಣಗೇ, ಗಟ್ಟಿಯೇ, ಮೆತ್ತಗೇ, ಮುಟ್ಟಿದರೆ ನೋವೇ ಎಂದು ಕೈಯಿಂದ ತಿಳಿಯಬೇಕು. ಸೂಚಕದ ವ್ಯಾಖ್ಯೆಯಲ್ಲಿ ಬರೀ ‘ಕೆಂಪು’ ಎಂದು ಬರೆದುಕೊಂಡರೆ ಒಂದನೇ ಹಂತದವರು ಅಷ್ಟೂ ಜನ ಲೆಕ್ಕದಿಂದ ಜಾರಿಹೋಗುತ್ತಾರೆ. ಆಮೇಲೆ ನೇರ ಎರಡನೇ ಹಂತದಲ್ಲಿ ಕಾಣಿಸಿಕೊಳ್ಳುತ್ತಾರೆ.

ಹಂತವನ್ನು ಹಿಂದಕ್ಕೆ ಎಣಿಸಬಾರದು. ನಾಲ್ಕನೇ ಹಂತದ ಹುಣ್ಣು ಮಾಯುತ್ತ ಬಂದರೆ ಅದು ಮೂರನೇ ಹಂತ, ಎರಡನೇ ಹಂತ ಆಗುವುದಿಲ್ಲ. ಕಳೆದುಹೋದ ಸ್ನಾಯು, ಕೊಬ್ಬು ಮತ್ತೆ ಬರುವುದಿಲ್ಲ. ಆ ಗುಂಡಿ ತುಂಬುವುದು ಕಲೆಯ ಅಂಗಾಂಶದಿಂದ. ‘ಮಾಯುತ್ತಿರುವ ನಾಲ್ಕನೇ ಹಂತ’ ಎಂದೇ ಬರೆಯಬೇಕು. ಸುಧಾರಣೆ ಅಳೆಯಲು ಪುಷ್ ಪಟ್ಟಿ ಬಳಸಿ: ಉದ್ದ ಗುಣಿಸು ಅಗಲಕ್ಕೆ 0–10, ಸ್ರಾವಕ್ಕೆ 0–3, ಅಂಗಾಂಶದ ಬಗೆಗೆ 0–4, ಒಟ್ಟು 17. ಇಲ್ಲಿ ಅಂಕ ಇಳಿದರೆ ಒಳ್ಳೆಯದು, ಎನ್‌ಒಸಿಯ 1103ರಲ್ಲಿ (ಗಾಯ ಮಾಯುವಿಕೆ) ಏರಿದರೆ ಒಳ್ಳೆಯದು. ಬೋಧಕಿಯವರು ಹೇಳಿದ ತಿರುವುಮುರುವಿನ ಎಚ್ಚರ ಇಲ್ಲೂ ಬೇಕು.

ಇನ್ನು ಮಾಡಿದ ಕೆಲಸದ ದಾಖಲೆ. ‘ಪೊಸಿಷನ್ ಚೇಂಜ್ ಡನ್’ ಎಂಬುದು ದಾಖಲೆಯಲ್ಲ. ಎಷ್ಟು ಗಂಟೆಗೆ, ಎಡಕ್ಕೋ ಬಲಕ್ಕೋ ಬೆನ್ನಿಗೋ, 30 ಡಿಗ್ರಿ ಓರೆಯೋ, ಹಿಮ್ಮಡಿ ಹಾಸಿಗೆಯಿಂದ ಮೇಲಿತ್ತೋ, ತಲೆಯ ಭಾಗ 30 ಡಿಗ್ರಿಗಿಂತ ಏರಿಸಿತ್ತೋ? ಮೂಗಿನ ನಳಿಕೆಯಿಂದ ಆಹಾರ ಕೊಡುವಾಗ ತಲೆ ಏರಿಸಲೇಬೇಕಾಗುತ್ತದೆ, ಆಗ ರೋಗಿ ಕೆಳಕ್ಕೆ ಜಾರಿ ಸೊಂಟದ ಮೂಳೆಯ ಮೇಲೆ ಚರ್ಮ ಎಳೆದಂತಾಗುತ್ತದೆ. ಔಷಧಕ್ಕೆ ಪ್ರಮಾಣ ಇದ್ದಂತೆ ಶುಶ್ರೂಷೆಗೂ ಪ್ರಮಾಣ ಇದೆ. 24 ಗಂಟೆಯಲ್ಲಿ 2 ಗಂಟೆಗೊಮ್ಮೆ ಎಂದರೆ 12 ಸಲ ತಿರುಗಿಸಬೇಕು. ಚಾರ್ಟಿನಲ್ಲಿ 7 ಸಲ ಮಾತ್ರ ಇದ್ದು ಹುಣ್ಣಾದರೆ ‘ತಿರುಗಿಸುವುದರಿಂದ ಪ್ರಯೋಜನವಿಲ್ಲ’ ಎನ್ನಲಾಗದು. ಆ ರೋಗಿಗೆ ಸಿಕ್ಕಿದ್ದೇ ಸುಮಾರು ಅರ್ಧ ಪ್ರಮಾಣ.

ವಾರ್ಡಿನ ಮಟ್ಟದ ದರ: ಹೊಸ ಹುಣ್ಣುಗಳ ಸಂಖ್ಯೆಯನ್ನು ರೋಗಿದಿನಗಳಿಂದ (ದಿನದಿನವೂ ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆ ಕೂಡಿಸಿದ ಮೊತ್ತ) ಭಾಗಿಸಿ 1000ದಿಂದ ಗುಣಿಸಿ. ಮೂರು ತಿಂಗಳಲ್ಲಿ 2400 ರೋಗಿದಿನ, 6 ಹೊಸ ಹುಣ್ಣು ಎಂದರೆ ಸಾವಿರಕ್ಕೆ 2.5. ಹೊಸದು ಮಾತ್ರ ಸೇರಬೇಕು. ಒಂದು ದಿನ ಎಲ್ಲರನ್ನೂ ನೋಡಿ ಇಷ್ಟು ಜನಕ್ಕೆ ಹುಣ್ಣಿದೆ ಎನ್ನುವುದು ಬೇರೆ ಲೆಕ್ಕ, ಅದರಲ್ಲಿ ಹೊರಗಿನಿಂದ ತಂದವೂ ಇರುತ್ತವೆ.

7. ರಾತ್ರಿದೀಪ

ಇಷ್ಟೆಲ್ಲ ಓದಿದ ಮೇಲೆ ಒಂದು ಆಕ್ಷೇಪ ಇಡುತ್ತೇನೆ. ಪ್ರಮಾಣಿತ ಪದಾವಳಿ ತಂದ ಕಡೆಯೆಲ್ಲ ಒಂದು ರೋಗ ಹಿಂದೆಯೇ ಬರುತ್ತದೆ: ಅಚ್ಚು ಹಾಕಿದ ಆರೈಕೆ ಯೋಜನೆ. ಯಾರೇ ಬಂದರೂ ‘ಸೋಂಕಿನ ಅಪಾಯ’, ‘ಆತಂಕ’, ‘ತಿಳಿವಳಿಕೆಯ ಕೊರತೆ’ ಎಂಬ ಮೂರು ನಿದಾನ, ಕೆಳಗೆ ಸಹಿ. ವಿದ್ಯಾರ್ಥಿಗಳ ಕೇರ್ ಪ್ಲಾನ್ ಪುಸ್ತಕಗಳಲ್ಲೂ ಇದೇ. ಪದಗಳು ಪ್ರಮಾಣಿತ, ಯೋಚನೆ ಶೂನ್ಯ. ರಾತ್ರಿ ಇಬ್ಬರು 30 ಜನರನ್ನು ನೋಡುವಾಗ ರೋಗಿಗೊಂದು ಹಾಳೆಗೆ 5 ನಿಮಿಷ ಹಿಡಿದರೂ 150 ನಿಮಿಷ, ಅಂದರೆ ಒಬ್ಬೊಬ್ಬರಿಗೆ ಒಂದೂಕಾಲು ಗಂಟೆ. ಆ ಹೊತ್ತಿನಲ್ಲಿ ಎಷ್ಟು ಜನರನ್ನು ಹೊರಳಿಸಬಹುದಿತ್ತು?

ಜೊತೆಗೆ, ಅಂಕ ಇಳಿದರೆ ನರ್ಸ್‌ಗೆ ನೋಟಿಸ್ ಎಂಬ ಭಯ ಒಮ್ಮೆ ಹೊಕ್ಕರೆ ಬಿಡುಗಡೆಯ ದಿನ ಎಲ್ಲರಿಗೂ 4 ಬೀಳುತ್ತದೆ.

8. ಧಾರವಾಡದ ಬೋಧಕಿ

ಆಕ್ಷೇಪ ಪೂರ್ತಿ ನಿಜ, ಅದಕ್ಕೇ ಉತ್ತರವನ್ನೂ ಅಳತೆಯಲ್ಲೇ ಕೊಡಬೇಕು. ಎಲ್ಲ ರೋಗಿಗೂ ಎಲ್ಲ ಫಲಿತಾಂಶ ಬೇಡ. 30ರಲ್ಲಿ ಬ್ರೇಡನ್ 18ಕ್ಕಿಂತ ಮೇಲಿಲ್ಲದವರಿಗೆ ಚರ್ಮ, ಕಫ ಕಟ್ಟಿದವರಿಗೆ ಶ್ವಾಸಮಾರ್ಗ, ಹೊಸದಾಗಿ ಇನ್ಸುಲಿನ್ ಹಿಡಿದವರಿಗೆ ತಿಳಿವಳಿಕೆ. ಒಬ್ಬ ರೋಗಿಗೆ ಒಂದು, ಹೆಚ್ಚೆಂದರೆ ಎರಡು. ಅಂಕವನ್ನು ಪ್ರತಿ ಪಾಳಿಯಲ್ಲಿ ಕೊಡಬೇಕಿಲ್ಲ. ದಾಖಲಾದ 24 ಗಂಟೆಯೊಳಗೆ, ಆಮೇಲೆ 72 ಗಂಟೆಗೊಮ್ಮೆ, ಬಿಡುಗಡೆಯ ದಿನ. ಅದೂ ಹಗಲು ಪಾಳಿಯಲ್ಲಿ. ರಾತ್ರಿಯವರ ಕೆಲಸ ತಿರುಗಿಸಿದ ಹೊತ್ತಿಗೆ ಗುರುತು ಹಾಕುವುದಷ್ಟೇ.

ದಾಖಲೆಯ ಗುಣಮಟ್ಟವನ್ನೇ ಅಳೆಯುವ ಸಾಧನವೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಮರಿಯಾ ಮ್ಯುಲರ್-ಸ್ಟೌಬ್ ಮತ್ತು ಸಂಗಡಿಗರು ಮಾಡಿದ ಕ್ಯೂ-ಡಿಐಒ. 29 ಪ್ರಶ್ನೆ, ನಾಲ್ಕು ಭಾಗ. ಅದರ ಹುರುಳು ಇಷ್ಟು: ನಿದಾನಕ್ಕೆ ಕಾರಣ ಬರೆದಿದೆಯೇ, ಮಾಡಿದ ಕ್ರಮ ಆ ಕಾರಣವನ್ನೇ ಮುಟ್ಟುತ್ತದೆಯೇ, ಫಲಿತಾಂಶ ಅದೇ ನಿದಾನದ್ದೇ? ಅಚ್ಚು ಹಾಕಿದ ಯೋಜನೆ ಇಲ್ಲಿ ಸಿಕ್ಕಿಬೀಳುತ್ತದೆ. ‘ಶ್ವಾಸನಾಳ ಶುಚಿಯಾಗದಿರುವುದು’ ಎಂದು ಬರೆದು ಕಾರಣ ‘ನಿಮೋನಿಯಾ’ ಎಂದರೆ ಅದು ವೈದ್ಯರ ರೋಗನಿದಾನ. ಅದಕ್ಕೆ ನರ್ಸ್ ಮಾಡುವುದು ಆಂಟಿಬಯಾಟಿಕ್ ಹೊತ್ತಿಗೆ ಕೊಡುವುದಷ್ಟೇ. ‘ಎದೆನೋವಿನಿಂದ ಕೆಮ್ಮಲು ಹೆದರುವುದು, ನೀರು ಕಡಿಮೆ ಕುಡಿದು ಕಫ ಅಂಟಾಗಿರುವುದು’ ಎಂದು ಕಾರಣ ಬರೆದರೆ ಕೆಲಸ ತಾನೇ ಕಾಣುತ್ತದೆ: ಎದೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸುವುದು, ನೋವಿನ ಔಷಧ ಕೊಟ್ಟ ಅರ್ಧ ಗಂಟೆಯ ಮೇಲೆ ಕೆಮ್ಮಿಸುವುದು, ಹೃದಯ ವೈಫಲ್ಯ ಇಲ್ಲದಿದ್ದರೆ ನೀರು ಹೆಚ್ಚಿಸುವುದು.

ಭಾಷೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಕರ್ನಾಟಕದ ವಾರ್ಡುಗಳಲ್ಲಿ ಇದು ಚಿಕ್ಕ ವಿಷಯವಲ್ಲ. ಚಾರ್ಟು ಇಂಗ್ಲಿಷಿನಲ್ಲಿ, ರೋಗಿ ಕನ್ನಡದಲ್ಲಿ, ಎಷ್ಟೋ ಕಡೆ ನರ್ಸ್‌ನ ಮನೆಮಾತು ಮಲಯಾಳ. ನೋವಿಗೆ ಒಂದೇ ಪದವಿಲ್ಲ. ನಮ್ಮ ಕಡೆ ಹೊಟ್ಟಿ ‘ಕಡೀತದ’ ಅಂತಾರ, ಅದನ್ನು ತುರಿಕೆ ಎಂದು ಬರೆದುಕೊಂಡರೆ ಕೆಲಸ ಕೆಟ್ಟಿತು. ‘ಬ್ಯಾನಿ’ ಎಂದರೆ ನೋವೂ ಹೌದು, ಕಾಯಿಲೆಯೂ ಹೌದು. ಕಾಲು ‘ಜುಮು ಜುಮು’, ‘ಉರಿ’, ‘ಮರಗಟ್ಟಿದೆ’ ಇವು ನರದ ತೊಂದರೆಯ ಬೇರೆ ಬೇರೆ ಲಕ್ಷಣ. ಸೂಚಕದ ಪಕ್ಕದಲ್ಲೇ ಕೇಳಬೇಕಾದ ಪ್ರಶ್ನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿ, ಎಲ್ಲರೂ ಅದನ್ನೇ ಕೇಳಲಿ.

ತಿಳಿವಳಿಕೆಯನ್ನು ‘ಗೊತ್ತಾಯ್ತಾ?’ ಎಂದು ಕೇಳಿ ಅಳೆಯಬಾರದು. ಎಲ್ಲರೂ ‘ಹೂಂ’ ಎನ್ನುತ್ತಾರೆ, ದೊಡ್ಡವರ ಮುಂದೆ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ‘ಮನೆಯಲ್ಲಿ ಹೇಗೆ ಚುಚ್ಚಿಕೊಳ್ತೀರಿ, ಒಂದ್ಸಲ ತೋರಿಸಿ’ ಎನ್ನಬೇಕು. ಇನ್ಸುಲಿನ್‌ಗೆ ಐದು ಅಂಶ ಕಟ್ಟಿಕೊಳ್ಳಿ: ಬಾಟಲಿಗೆ ಸರಿಯಾದ ಸಿರಿಂಜ್, ಅಳತೆ, ಜಾಗ ಬದಲಿಸುವುದು, ಸಕ್ಕರೆ ಇಳಿದ ಲಕ್ಷಣ ಮತ್ತು ಉಪಾಯ, ಇಡುವ ಜಾಗ. ಒಂದೂ ಬಾರದಿದ್ದರೆ ಅಥವಾ ಒಂದೇ ಬಂದರೆ 1, ಎರಡಕ್ಕೆ 2, ಹೀಗೆ. ಮೊದಲನೆಯದು ತಪ್ಪಿದರೆ ಉಳಿದ ನಾಲ್ಕು ಸರಿಯಿದ್ದರೂ 2ಕ್ಕಿಂತ ಹೆಚ್ಚು ಕೊಡಬೇಡಿ. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಯೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಪ್ರಾಣಕ್ಕೇ ಅಪಾಯ.

9. ಅಂಕಿನೋಟ

ಲೆಕ್ಕದ ಭಾಗ. ಮೊದಲು, ಇಬ್ಬರು ನರ್ಸ್‌ಗಳು 20 ರೋಗಿಗಳಿಗೆ ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ, ಅರ್ಧ ಗಂಟೆಯೊಳಗೆ ಅಂಕ ಕೊಡಲಿ. 20ರಲ್ಲಿ 13 ಸಲ ಒಂದೇ ಅಂಕ ಬಂದರೆ ಒಪ್ಪಿಗೆ 0.65. ಸುಮ್ಮನೆ ಕಾಕತಾಳೀಯವಾಗಿ 0.25 ಒಪ್ಪಿಗೆ ಬರುತ್ತಿತ್ತೆನ್ನಿ. ಕಪ್ಪಾ (ಕಾಕತಾಳೀಯವನ್ನು ಕಳೆದು ಉಳಿದ ಒಪ್ಪಿಗೆಯ ಅಳತೆ) ಎಂದರೆ 0.65ರಲ್ಲಿ 0.25 ಕಳೆದು, 0.75ರಿಂದ ಭಾಗಿಸಿದ್ದು, 0.53. ಇದು ಸಾಧಾರಣ. 0.60 ದಾಟುವವರೆಗೂ ವ್ಯಾಖ್ಯೆಯನ್ನು ತಿದ್ದಿ, ಅಳತೆ ಶುರುಮಾಡಬೇಡಿ. 2 ಮತ್ತು 3ರ ನಡುವಿನ ಭಿನ್ನಾಭಿಪ್ರಾಯ 1 ಮತ್ತು 5ರ ನಡುವಿನದಕ್ಕಿಂತ ಸಣ್ಣದಾದ್ದರಿಂದ ತೂಕದ ಕಪ್ಪಾ ಇನ್ನೂ ಸರಿ. ಎಲ್ಲಿ ಒಪ್ಪಲಿಲ್ಲವೋ ಆ 7 ರೋಗಿಗಳ ಬಗ್ಗೆ ಇಬ್ಬರನ್ನೂ ಕೂರಿಸಿ ಮಾತಾಡಿಸಿ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಬೆಲೆಯುಳ್ಳ ಒಂದು ಗಂಟೆ ಅದೇ.

ಸರಾಸರಿ ಬೇಡ. 1ರಿಂದ 2ಕ್ಕೆ ಏರುವುದೂ 4ರಿಂದ 5ಕ್ಕೆ ಏರುವುದೂ ಸಮವಲ್ಲ. ಅರ್ಧ ಜನ 1, ಅರ್ಧ ಜನ 5 ಇದ್ದರೂ ಸರಾಸರಿ 3. ಎಲ್ಲರೂ 3 ಇದ್ದರೂ 3. ಮಧ್ಯಾಂಕ (ಅಂಕಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದು) ಕೊಡಿ, ಮತ್ತು ದಾಖಲಾದಾಗ ಬರೆದ ಗುರಿಯನ್ನು ಎಷ್ಟು ಜನ ಮುಟ್ಟಿದರು ಎಂಬ ಶೇಕಡಾವಾರು ಕೊಡಿ. ಗುರಿಯನ್ನು ಮೊದಲೇ ಬರೆದಿರಬೇಕು. ಪಾರ್ಶ್ವವಾಯು ರೋಗಿಗೆ ‘3ರಲ್ಲಿ ಉಳಿಸುವುದು’ ಕೂಡ ಗುರಿಯೇ. ಕೆಡದಂತೆ ಉಳಿಸಿದ್ದು ಶುಶ್ರೂಷೆಯ ಸೋಲಲ್ಲ.

ಛೇದದ ಮೇಲೆ ಕಣ್ಣಿಡಿ. 40 ಜನ ದಾಖಲು, 32 ಜನರಿಗೆ ಬಿಡುಗಡೆಯ ಅಂಕ, ಅದರಲ್ಲಿ 26 ಜನ ಗುರಿ ಮುಟ್ಟಿದರು ಎನ್ನಿ. 32ರಿಂದ ಭಾಗಿಸಿದರೆ ಶೇ 81, 40ರಿಂದ ಭಾಗಿಸಿದರೆ ಶೇ 65. ಅಂಕ ಸಿಗದ 8 ಜನ ಯಾರು? ತೀರಿಕೊಂಡವರು, ಐಸಿಯುಗೆ ಹೋದವರು, ವೈದ್ಯರ ಸಲಹೆಗೆ ವಿರುದ್ಧವಾಗಿ ಮನೆಗೆ ಹೋದವರು. ಅವರನ್ನು ಬಿಟ್ಟ ಲೆಕ್ಕ ಯಾವಾಗಲೂ ಚೆಂದ ಕಾಣುತ್ತದೆ. ಎರಡೂ ಸಂಖ್ಯೆ ಬರೆಯಿರಿ.

ಮತ್ತೊಂದು ತೊಡಕು. ನಿಮೋನಿಯಾ ರೋಗಿಯ ಅಂಕ 2ರಿಂದ 4ಕ್ಕೆ ಏರಿದ್ದು ಆಂಟಿಬಯಾಟಿಕ್‌ನಿಂದಲೂ ಆಗಿರಬಹುದು. ತೀರಾ ಕೆಟ್ಟ ಸ್ಥಿತಿಯಲ್ಲಿ ಬಂದವರು ಹೇಗೂ ಸ್ವಲ್ಪ ಮೇಲೆ ಬರುತ್ತಾರೆ. ಆದ್ದರಿಂದ ಮೊದಲಿನ ಅಂಕ, ನಂತರದ ಅಂಕ ಎರಡನ್ನಷ್ಟೇ ನೋಡಿ ‘ಶುಶ್ರೂಷೆ ಫಲಿಸಿತು’ ಎನ್ನಬೇಡಿ. ಒಂದೇ ಅಪಾಯದ ಮಟ್ಟದವರಲ್ಲಿ 10 ಅಥವಾ ಹೆಚ್ಚು ಸಲ ತಿರುಗಿಸಲ್ಪಟ್ಟವರನ್ನೂ ಕಡಿಮೆ ಸಲದವರನ್ನೂ ಹೋಲಿಸಿ. ಇದಕ್ಕೇ ನಿದಾನ, ಕ್ರಮ, ಫಲಿತಾಂಶ ಮೂರೂ ಒಂದೇ ಹಾಳೆಯಲ್ಲಿ ಕೊಂಡಿಯಾಗಿ ಇರಬೇಕು. ವಾರ್ಡಿಗೆ ವಾರಕ್ಕೊಂದು ಬಿಂದುವಿನಂತೆ ರನ್ ಚಾರ್ಟ್ (ಕಾಲಕ್ರಮದ ಗೆರೆಚಿತ್ರ) ಹಾಕಿ. ಮಧ್ಯಾಂಕದ ಒಂದೇ ಕಡೆ ಸತತ 6 ಬಿಂದು ಬಿದ್ದರೆ ಅದು ಬರೀ ಏರಿಳಿತವಲ್ಲ. ಮೂರು ತಿಂಗಳಿಗೆ 12 ಬಿಂದುವಷ್ಟೇ ಸಿಗುತ್ತದೆ, ಅದನ್ನು ಆರಂಭದ ಮಟ್ಟ ಎಂದು ಹಿಡಿದು ಮುಂದಿನ ಮೂರು ತಿಂಗಳಲ್ಲಿ ಬದಲಾವಣೆ ತನ್ನಿ.

10. ಕೋಡುಕಣಜ

ಕಾಗದದಿಂದ ಕಂಪ್ಯೂಟರಿಗೆ ಹೋಗುವ ದಿನಕ್ಕೆ ಸ್ವಲ್ಪ. ನ್ಯಾಂಡಾ, ಎನ್‌ಐಸಿ, ಎನ್‌ಒಸಿಗಳನ್ನು ತಂತ್ರಾಂಶದಲ್ಲಿ ಹಾಕಲು ಪರವಾನಗಿ ಬೇಕು. ವೈದ್ಯಕೀಯ ಪದಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಸ್ನೋಮೆಡ್ ಸಿಟಿಗೆ ಭಾರತ 2014ರಲ್ಲಿ ಸದಸ್ಯ ರಾಷ್ಟ್ರವಾಯಿತು. ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನೋಂದಾಯಿಸಿಕೊಂಡರೆ ದೇಶದೊಳಗೆ ಬಳಕೆ ಉಚಿತ. 2016ರ ರಾಷ್ಟ್ರೀಯ ಇ-ಆರೋಗ್ಯ ದಾಖಲೆ ಮಾನದಂಡಗಳೂ ಸ್ನೋಮೆಡ್ ಬಳಸಲು ಹೇಳುತ್ತವೆ. ಅಂತರರಾಷ್ಟ್ರೀಯ ದಾದಿಯರ ಮಂಡಳಿಯ ಶುಶ್ರೂಷಾ ಪದಾವಳಿಯಾದ ಐಸಿಎನ್‌ಪಿ ಈಗ ಸ್ನೋಮೆಡ್ ಜೊತೆಗೇ ಬಿಡುಗಡೆಯಾಗುತ್ತದೆ. ಆದರೆ ಐಸಿಎನ್‌ಪಿಯಲ್ಲಿ ಎನ್‌ಒಸಿಯಂಥ 1–5 ಅಳತೆಪಟ್ಟಿ ಇಲ್ಲ, ಅದನ್ನು ನೀವೇ ಸೇರಿಸಬೇಕು.

ದತ್ತಾಂಶದಲ್ಲಿ ಸಂಕೇತ, ಆವೃತ್ತಿ, ಅಂಕ, ಹೊತ್ತು, ಅಂಕ ಕೊಟ್ಟವರ ಹುದ್ದೆ ಐದೂ ಇರಲಿ. ಆವೃತ್ತಿ ಏಕೆಂದರೆ ಆವೃತ್ತಿಯಿಂದ ಆವೃತ್ತಿಗೆ ಹೆಸರು, ಸೂಚಕ ಬದಲಾಗುತ್ತವೆ. ಅಂಕದ ಚೌಕಕ್ಕೆ ಮೊದಲೇ 3 ತುಂಬಿಸಿಡುವ ತಂತ್ರಾಂಶವನ್ನು ಒಪ್ಪಬೇಡಿ. ಮೂರೇ ವಾರದಲ್ಲಿ ಇಡೀ ವಾರ್ಡ್ 3 ಆಗುತ್ತದೆ. ನಿನ್ನೆಯದನ್ನು ಇವತ್ತಿಗೆ ನಕಲು ಮಾಡುವ ಗುಂಡಿಯನ್ನೂ ತೆಗೆಸಿ. ಪಕ್ಕದಲ್ಲಿ ಎರಡು ಸಾಲು ಸ್ವತಂತ್ರವಾಗಿ ಬರೆಯುವ ಜಾಗ ಬಿಡಿ, ಸಂಕೇತಕ್ಕೆ ಸಿಗದ ಸಂಗತಿ ಅಲ್ಲಿ ಬರುತ್ತದೆ.

11. ಹಗಲುಪಾಳಿ

ಚರ್ಮ, ಶ್ವಾಸಮಾರ್ಗ, ಇನ್ಸುಲಿನ್ ತಿಳಿವಳಿಕೆ, ಈ ಮೂರಕ್ಕೇ ನಿಲ್ಲಿಸುತ್ತೇನೆ. ಒಂದು ಅನುಮಾನ ಉಳಿದಿದೆ. ಸಲಹೆಗೆ ವಿರುದ್ಧವಾಗಿ ಮನೆಗೆ ಹೋದವರ ಕೊನೆಯ ಅಂಕ ಮೂರು ದಿನ ಹಿಂದಿನದು. ಅದನ್ನೇ ಬಿಡುಗಡೆಯ ಅಂಕವಾಗಿ ಹಾಕಬಹುದೇ?

12. ಅಂಕಿನೋಟ

ಹಾಕಬಾರದು. ಬಿಡುಗಡೆಯ ಚೌಕ ಖಾಲಿಯೇ ಇರಲಿ, ಪಕ್ಕದಲ್ಲಿ ಕಾರಣದ ಸಂಕೇತ ಬರೆಯಿರಿ: ಮರಣಕ್ಕೆ ‘ಮ’, ವರ್ಗಾವಣೆಗೆ ‘ವ’, ಸಲಹೆಗೆ ವಿರುದ್ಧವಾಗಿ ಹೋದರೆ ‘ಸ’. ಕೊನೆಯ ಅಂಕ ತನ್ನ ತಾರೀಖಿನ ಜೊತೆ ತನ್ನ ಕಂಬದಲ್ಲೇ ಇರುತ್ತದೆ. ಗುರಿ ಮುಟ್ಟಿದವರ ಲೆಕ್ಕದಲ್ಲಿ ಇವರನ್ನು ಮುಟ್ಟದವರೆಂದು ಎಣಿಸಿ ಒಂದು ಸಂಖ್ಯೆ, ಬಿಟ್ಟು ಇನ್ನೊಂದು ಸಂಖ್ಯೆ. ‘ಸ’ಗಳು ಒಂದೇ ತಿಂಗಳಲ್ಲಿ ಹೆಚ್ಚಿದರೆ ಆ ತಿಂಗಳ ಅಂಕಗಳನ್ನು ಹೋಲಿಕೆಗೆ ತರುವ ಮೊದಲು ಅವರು ಏಕೆ ಹೋದರೆಂದು ನೋಡಿ.

13. ಮಾಯುವ ಗಾಯ

ಚರ್ಮದ ವಿಷಯದಲ್ಲಿ ಒಂದು ವಿನಾಯಿತಿ ಮಾಡಿಕೊಳ್ಳಿ. ಹೊರಡುವಾಗ ಬಟ್ಟೆ ಬದಲಿಸುವ ಹೊತ್ತಿಗೆ ಸೊಂಟ ಮತ್ತು ಹಿಮ್ಮಡಿ ನೋಡಲು ಒಂದು ನಿಮಿಷ ಸಾಕು. ಸಲಹೆಗೆ ವಿರುದ್ಧವಾಗಿ ಹೋಗುವವರಲ್ಲೂ ಇದು ಸಾಧ್ಯ. ಕರೆದೊಯ್ಯುವ ಮನೆಯವರಿಗೂ ಅದೇ ಜಾಗವನ್ನು ಮುಟ್ಟಿಸಿ ತೋರಿಸಿ.